ಕಡಿಮೆ ಇದೆ, ಇರಲಿ

ದೊಡ್ಡಮ್ಮನ ಮಂಚದ ಮೇಲೆ ಎರಡು ಗಿಟಾರುಗಳು ಅಕ್ಕತಂಗಿಯರಂತೆ ಪಕ್ಕಪಕ್ಕ ಮಲಗಿದ್ದವು.

"ಯಾವುದು ಹಳೇದು, ಹೇಳು ನೋಡೋಣ," ಎಂದಳು ತಂಗಿಯ ಮಗಳು.

"ಧೂಳು ಕೂತಿರೋದು."

"ಎರಡನ್ನೂ ಒರೆಸಿದೀನಿ ದೊಡ್ಡಮ್ಮ."

ದೊಡ್ಡಮ್ಮ ಬಗ್ಗಿ ನೋಡಿದಳು. ಎರಡಕ್ಕೂ ಕಾಸಿ ಆರಿಸಿದ ಹಾಲಿನ ಕೆನೆಯ ಬಣ್ಣ. ಎರಡರಲ್ಲೂ ಮೊಣಕೈ ಒರಗುವ ಕಡೆ ಬಣ್ಣ ಸವೆದು ಮರ ಕಾಣುತ್ತಿತ್ತು. ಮೂಲೆಯಲ್ಲಿ ಒಂದು ಪೆಟ್ಟಿನ ಗುರುತಿತ್ತು. ಆ ಗುರುತನ್ನೂ ಬಿಡದೆ ಹೊಸದಕ್ಕೆ ಇಳಿಸಿದ್ದರು. "ಚೆನ್ನಾಗಿದೆ ಕಣೇ ನಿಮ್ಮ ಕೆಲಸ. ಕೂಸು ಹುಟ್ಟುವಾಗ್ಲೇ ತಲೆ ತುಂಬ ನರೆ ಇಟ್ಕೊಂಡು ಹುಟ್ಟಿದ ಹಾಗಿದೆ," ಎಂದಳು. ಆಮೇಲೆ ಎರಡರ ಹಿಡಿಯ ಬೆನ್ನಿನ ಮೇಲೂ ಹೆಬ್ಬೆರಳು ಸರಿಸಿ, ಎಡಗಡೆಯದನ್ನು ತಟ್ಟಿದಳು. "ಇದು. ಅಂಚು ಎಲ್ಲ ಕರಗಿಹೋಗಿದೆ. ಅದನ್ನ ಉಜ್ಜಿ ಬರಿಸೋಕಾಗಲ್ಲ, ಹಿಡಿದು ಹಿಡಿದೇ ಬರಬೇಕು."

ತಂಗಿಯ ಮಗಳು ಸೋತವಳಂತೆ ನಕ್ಕಳು.

ಅವಳು ಕೆಲಸ ಮಾಡುತ್ತಿದ್ದುದು ದೊಡ್ಡಮ್ಮ ಮೂವತ್ತು ವರ್ಷ ದುಡಿದ ಅದೇ ಎಲೆಕ್ಟ್ರಿಕ್ ಗಿಟಾರು ಕಾರ್ಖಾನೆಯಲ್ಲಿ. ಹಳೆಯ ಮಾದರಿಗಳನ್ನು ಅಳೆದು ತೂಗಿ, ಅವುಗಳಂತೆಯೇ ಹೊಸದನ್ನು ತಯಾರಿಸುವ ವಿಭಾಗ ಅವಳದು. ಈ ಸಲ ಕಾರ್ಖಾನೆ ಆರಿಸಿಕೊಂಡದ್ದು ನಲವತ್ತೆಂಟು ವರ್ಷದ ಹಿಂದಿನ ಒಂದು ಮಾದರಿಯನ್ನು. ಆ ವರ್ಷದ ಗಿಟಾರಿಗೆ ಜನ ಮುಗಿಬೀಳುತ್ತಾರಂತೆ. ವಾದಕನೊಬ್ಬ ತನ್ನದನ್ನು ಅಳತೆಗೆಂದು ಕೊಟ್ಟಿದ್ದ. ಮರದ ತೂಕ, ಹಿಡಿಯ ದಪ್ಪ, ಬಣ್ಣದ ಪದರ, ಮೊಳೆಯ ತಲೆ ಎಲ್ಲವೂ ಸರಿಹೊಂದಿತ್ತು. ಸರಿಹೊಂದದೆ ಉಳಿದದ್ದು ದನಿ ಒಂದೇ.

"ಕೇಳು," ಎಂದು ಅವಳು ಅಂಗೈಯಗಲದ ಸ್ಪೀಕರಿಗೆ ತಂತಿ ಸಿಕ್ಕಿಸಿ ಹೊಸದನ್ನು ಮೊದಲು ಮೀಟಿದಳು, ಆಮೇಲೆ ಹಳೆಯದನ್ನು. ಹೊಸದರ ದನಿ ಜೋರಾಗಿತ್ತು, ದಪ್ಪವಾಗಿತ್ತು. ಉಸಿರು ತೆಗೆದುಕೊಳ್ಳದೆ ಮಾತಾಡುವವರ ಹಾಗೆ ಒಂದರ ಮೇಲೊಂದು ಬೀಳುತ್ತಿತ್ತು. ಹಳೆಯದು ಅಷ್ಟು ಜೋರಿರಲಿಲ್ಲ. ಆದರೆ ಪ್ರತಿ ಸ್ವರವೂ ಬಿಡಿಯಾಗಿ ಬಂದು, ತನ್ನ ಮಾತು ಹೇಳಿ, ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು. ಎರಡು ಸ್ವರಗಳ ನಡುವೆ ಕೋಣೆಯ ಮೌನವೂ ಕೇಳುತ್ತಿತ್ತು.

"ಒಳಗಿನ ತಾಮ್ರದ ಕಾಯಿಲ್ ಅಳೆದೆ," ಎಂದಳು ತಂಗಿಯ ಮಗಳು. "ನಕ್ಷೆ ಪ್ರಕಾರ ಮೀಟರು ಆರೂವರೆ ತೋರಿಸಬೇಕು. ಹಳೇದು ಐದೂಮುಕ್ಕಾಲು ತೋರಿಸ್ತಾ ಇದೆ. ಹಳೇದಾಯ್ತಲ್ಲ, ಸವೆದಿರತ್ತೆ ಅಂತಾರೆ ನಮ್ಮ ಮೇಲಿನವರು. ತಾಮ್ರ ಏನು ಚಪ್ಪಲೀನಾ ಸವೆಯೋಕೆ? ಆ ವರ್ಷ ನೀನೂ ಆ ಬೆಂಚಲ್ಲೇ ಇದ್ದೆ ಅಲ್ವಾ? ಸುತ್ತು ಏನಾದ್ರೂ ಕಡಿಮೆ ಹಾಕ್ತಿದ್ರಾ?"

ದೊಡ್ಡಮ್ಮನ ಹೆಬ್ಬೆರಳು ಗಿಟಾರಿನ ಹಿಡಿಯ ಮೇಲೆ ಹಾಗೆಯೇ ನಿಂತಿತು.

"ನೆನಪಿಲ್ಲ," ಎಂದು ಎದ್ದು ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಆದರೂ ಅದರ ಮುಂದೆ ಸ್ವಲ್ಪ ಹೊತ್ತು ನಿಂತಳು.

ಅವಳಿಗೆ ನೆನಪಿಲ್ಲದೆ ಏನು? ಕಾಯಿಲ್ ಸುತ್ತುವ ಬೆಂಚಿನಲ್ಲಿ ಆರು ಜನ ಹೆಂಗಸರು. ಮೋಟಾರು ತಿರುಗುತ್ತಿತ್ತು, ಕಡ್ಡಿಪೆಟ್ಟಿಗೆಗಿಂತ ತುಸು ಉದ್ದದ ಚೌಕಟ್ಟು ಅದರೊಡನೆ ತಿರುಗುತ್ತಿತ್ತು, ತಲೆಗೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಬೆರಳುಗಳ ನಡುವೆ ಹಿಡಿದು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನಡೆಸಬೇಕು. ಒಂದು ಕಾಯಿಲ್‌ಗೆ ಎಂಟು ಸಾವಿರ ಸುತ್ತು. ಅದೇ ಗಿಟಾರಿನ ಗಂಟಲು. ಅದಿಲ್ಲದಿದ್ದರೆ ಗಟ್ಟಿ ಮರದ ಆ ಹಲಗೆ ಬರೀ ಮೂಗಿ. ತಂತಿ ನಡುವೆ ತುಂಡಾದರೆ ಗಂಟು ಹಾಕುವಂತಿಲ್ಲ, ಎಸೆದು ಮತ್ತೆ ಮೊದಲಿನಿಂದ ಸುತ್ತಬೇಕು. ಮುಗಿದ ಮೇಲೆ ಒಂದು ಬಣ್ಣದ ನೂಲು ಬಿಗಿಯುವುದು. ಯಾರು ಸುತ್ತಿದ್ದೆಂದು ತಿಳಿಯಲು ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ದೊಡ್ಡಮ್ಮನದು ಹಸಿರು.

ಆಗ ಅವಳಿಗೆ ಇಪ್ಪತ್ತೆರಡು. ಆ ವರ್ಷ ಅವಳ ಕಣ್ಣು ಕೈಕೊಟ್ಟಿತು. ದೂರದ್ದು ಕಾಣುತ್ತಿತ್ತು, ಬೆರಳ ತುದಿಯದು ಮಂಜಾಗುತ್ತಿತ್ತು. ಕಣ್ಣು ಚುರುಕಿಲ್ಲದವರಿಗೆ ಆ ಬೆಂಚಿನಲ್ಲಿ ಜಾಗವಿರಲಿಲ್ಲ. ಜಾಗ ಹೋದರೆ ತಂಗಿಯ ನರ್ಸಿಂಗ್ ಓದು ಅಲ್ಲಿಗೇ ನಿಲ್ಲುತ್ತಿತ್ತು. ಅದಕ್ಕೇ ಅವಳು ಯಾರಿಗೂ ಹೇಳಲಿಲ್ಲ. ಸುತ್ತು ಎಣಿಸುವ ಯಂತ್ರದ ಅಂಕಿ ಕಾಣದಿದ್ದರೆ ಏನಂತೆ, ಹೆಬ್ಬೆರಳಿದೆಯಲ್ಲ? ಕಾಯಿಲ್ ಉಬ್ಬುತ್ತ ಬಂದಂತೆ ಹೆಬ್ಬೆರಳು ಲೆಕ್ಕ ಹೇಳುತ್ತಿತ್ತು. ಕೊನೆಯ ಎಂಟುನೂರು ಒಂಬೈನೂರು ಸುತ್ತುಗಳಲ್ಲಿ ತಂತಿ ಅಂಚು ದಾಟಿ ಜಾರಿ ತುಂಡಾಗುವ ಭಯ. ಅಲ್ಲಿಗೆ ಬರುತ್ತಿದ್ದಂತೆ ಅವಳು ನಿಲ್ಲಿಸಿ, ಹಸಿರು ನೂಲು ಬಿಗಿದುಬಿಡುತ್ತಿದ್ದಳು. ಹೀಗೆ ಹನ್ನೊಂದು ವಾರ.

ಆ ಮೇಲೆ ಕಾಯಿಲ್ ಹೋಗುತ್ತಿದ್ದುದು ಪರೀಕ್ಷೆಯ ಮೇಜಿಗೆ. ಅಲ್ಲಿ ಕೂರುತ್ತಿದ್ದವರಿಗೆ ಎಲ್ಲರೂ ಹಿಂದಿನಿಂದ ಇಟ್ಟ ಹೆಸರು ಮುಳ್ಳಮ್ಮ. ಮೀಟರಿನ ಮುಳ್ಳನ್ನು ಬಿಟ್ಟು ಬೇರೇನನ್ನೂ ನೋಡದವರು, ಮುಳ್ಳಿನಂತೆಯೇ ಮಾತಾಡುವವರು. ಅವರ ಮೇಜಿನಿಂದ ಬುಟ್ಟಿಗೆ ಬಿದ್ದ ಕಾಯಿಲ್‌ಗಳ ಸದ್ದಿಗೆ ಬೆಂಚಿನ ಹೆಂಗಸರ ಎದೆ ಧಸಕ್ಕೆನ್ನುತ್ತಿತ್ತು. ದೊಡ್ಡಮ್ಮನದು ಒಂದೂ ಬುಟ್ಟಿಗೆ ಬೀಳಲಿಲ್ಲ. ಮುಳ್ಳಮ್ಮನ ಕಣ್ಣಿಗೇ ಮಣ್ಣೆರಚಿದೆ ಎಂದುಕೊಂಡಿದ್ದಳು ದೊಡ್ಡಮ್ಮ. ಖುಷಿಯಿಂದಲ್ಲ. ಆ ಹನ್ನೊಂದು ವಾರದ ಕಳ್ಳ ಮಾಲು ಲೋಕದಲ್ಲಿ ಎಲ್ಲೆಲ್ಲೋ ಹಾಡುತ್ತಿದೆ ಎಂಬುದನ್ನು ನಲವತ್ತೆಂಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ನರ್ಸಾದ ತಂಗಿಗೂ ಹೇಳಿರಲಿಲ್ಲ.

ಮೂರು ದಿನ ಬಿಟ್ಟು ತಂಗಿಯ ಮಗಳ ಫೋನು ಬಂತು. "ದೊಡ್ಡಮ್ಮ, ಗಿಟಾರಿನವನು ಒಪ್ಪಿದ. ಶನಿವಾರ ಬೆಳಿಗ್ಗೆ ಅವನೆದುರಿಗೇ ಬಿಚ್ಚಿ ನೋಡೋದು. ಸೋಮವಾರ ನಾನು ಮಾದರಿಗೆ ಸಹಿ ಹಾಕಬೇಕು. ನೀನು ಬರಲ್ಲ ಅಂತ ಗೊತ್ತು, ಸುಮ್ನೆ ಹೇಳ್ದೆ."

"ಬರ್ತೀನಿ."

"ನಿಜವಾಗ್ಲೂ?"

"ಬರ್ತೀನಿ ಅಂದ್ನಲ್ಲ. ಎಷ್ಟು ಸಲ ಹೇಳಿಸ್ತೀಯ?"

ಹಸಿರು ನೂಲು ಹೇಗೂ ಹೊರಬೀಳುತ್ತದೆ. ಸಿಕ್ಕಿಬೀಳುವುದಾದರೆ ಎದುರಿಗೇ ಸಿಕ್ಕಿಬೀಳೋಣ ಎಂದು ಅವಳ ಲೆಕ್ಕ.

ಶನಿವಾರದ ಆ ಕೋಣೆಗೆ ದೊಡ್ಡ ಕಿಟಕಿಗಳಿದ್ದವು. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ ಹಳೆಯ ಗಿಟಾರನ್ನು ಅಂಗಾತ ಮಲಗಿಸಿದ್ದರು. ಗಿಟಾರಿನವನು ಐವತ್ತು ದಾಟಿದ, ಹೊಟ್ಟೆ ಸ್ವಲ್ಪ ಮುಂದೆ ಬಂದ ಮನುಷ್ಯ. ಹೆರಿಗೆ ಕೋಣೆಯ ಹೊರಗೆ ಓಡಾಡುವ ಗಂಡನ ಹಾಗೆ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದ.

"ಮೆಲ್ಲಗೆ ಕಣಮ್ಮ. ಆ ಸ್ಕ್ರೂ ನಲವತ್ತೆಂಟು ವರ್ಷದಿಂದ ಕೂತಿರೋದು. ಎಬ್ಬಿಸೋಕೆ ಮುಂಚೆ ಒಂದು ಮಾತು ಹೇಳಿ ಎಬ್ಬಿಸು," ಎಂದ.

"ಸರ್, ನೀವು ಕೂತ್ಕೊಂಡ್ರೆ ಅದಕ್ಕೂ ಧೈರ್ಯ ಬರತ್ತೆ," ಎಂದಳು ತಂಗಿಯ ಮಗಳು.

ಅವನು ದೊಡ್ಡಮ್ಮನ ಪಕ್ಕ ಕೂತು, "ನೀವು ಯಾರಮ್ಮ, ಡಾಕ್ಟ್ರಾ?" ಎಂದ.

"ಇಲ್ಲಪ್ಪ. ಹಳೇ ರೋಗಿ."

ಸ್ಕ್ರೂಗಳು ಒಂದೊಂದಾಗಿ ಬಟ್ಟೆಯ ಮೇಲೆ ಸಾಲಾದವು. ಮೇಲಿನ ಹಲಗೆ ಎದ್ದಿತು. ಕಾಯಿಲ್ ಹೊರಬಂತು. ಭದ್ರಕ್ಕೆಂದು ಅದ್ದಿದ ಮೇಣ ಕುಡಿದು ಕಪ್ಪಾಗಿದ್ದರೂ ನೂಲಿನ ಬಣ್ಣ ತಿಳಿಯುತ್ತಿತ್ತು. ಹಸಿರು. ಗಂಟು ವಾರೆಯಾಗಿತ್ತು.

ದೊಡ್ಡಮ್ಮ ಕೈಗಳನ್ನು ಮಡಿಲಲ್ಲಿ ಒಂದರೊಳಗೊಂದು ಇಟ್ಟುಕೊಂಡಳು.

ತಂಗಿಯ ಮಗಳು ಕಾಯಿಲ್ ತಿರುಗಿಸಿ ತಳದ ರಟ್ಟಿಗೆ ದೀಪ ಹಿಡಿದಳು. "ಇಲ್ಲೇನೋ ಪೆನ್ಸಿಲ್‌ನಲ್ಲಿ ಬರೆದಿದೆ. ಐದೂ ಮುಕ್ಕಾಲು... ಹಾಗಾದ್ರೆ ಸವೆದದ್ದಲ್ಲ! ಹುಟ್ಟಿದಾಗಿಂದ್ಲೇ ಐದೂಮುಕ್ಕಾಲು! ಕೆಳಗೆ ಇನ್ನೂ ಏನೋ ಇದೆ. ದೊಡ್ಡಮ್ಮ, ನೀನು ನೋಡು, ನಂಗೆ ಈ ಕೈಬರಹ ಹಿಡಿತಾ ಇಲ್ಲ."

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದಳು. ಆ ಕೈಬರಹ ಅವಳಿಗೆ ಗೊತ್ತಿತ್ತು. ಪರೀಕ್ಷೆಯ ಮೇಜಿನ ಹಿಂದಿನ ಹಲಗೆಯ ಮೇಲೆ ದಿನಾ ನೋಡಿದ್ದ ಕೈ. ಒಂದು ಅಕ್ಷರ ಇನ್ನೊಂದನ್ನು ಮುಟ್ಟದಂತೆ ನೆಟ್ಟಗೆ ನಿಲ್ಲಿಸುವ ಕೈ.

ಕಡಿಮೆ ಇದೆ. ಇರಲಿ.

ಅದರ ಕೆಳಗೆ ಪೂರ್ತಿ ಸಹಿ. ಉಳಿದ ಕಾಯಿಲ್‌ಗಳಿಗೆ ಮುಳ್ಳಮ್ಮ ಬರೀ ಒಂದು ಗೀಟು ಎಳೆಯುತ್ತಿದ್ದರು. ಇಲ್ಲಿ ಸಹಿ ಇತ್ತು. ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವಳು ನಾನು ಎನ್ನುವಂತೆ.

ದೊಡ್ಡಮ್ಮ ಎಷ್ಟು ಹೊತ್ತು ಬಗ್ಗಿಯೇ ಇದ್ದಳೋ. ಕಿಟಕಿಯ ಹೊರಗೆ ಒಂದು ಲಾರಿ ಹಿಂದಕ್ಕೆ ಸರಿದು ನಿಂತು, ಅದರ ಎಂಜಿನ್ನು ಆರಿತು. ಹಾಗಾದರೆ ಅವರಿಗೆ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು. ತಾನು ಕದ್ದದ್ದೆಂದು ಬಚ್ಚಿಟ್ಟುಕೊಂಡಿದ್ದನ್ನು ಅವರು ಕೊಟ್ಟಿದ್ದರು. ಕೊಟ್ಟು ಹೇಳಿರಲಿಲ್ಲ.

ಅಷ್ಟರಲ್ಲಿ ಅವಳಿಗೆ ಕನ್ನಡಕದ ದಿನವೂ ನೆನಪಾಯಿತು. ಹನ್ನೆರಡನೆಯ ವಾರದ ಸೋಮವಾರ. ಮುಳ್ಳಮ್ಮ ಮೇಜು ಬಿಟ್ಟು ಎದ್ದು ಬಂದು, ಎಲ್ಲರೆದುರಿಗೆ, ಮೇಸ್ತ್ರಿಯ ಎದುರಿಗೇ, ತಮ್ಮ ಒಂದು ಕನ್ನಡಕವನ್ನು ಅವಳ ಮುಂದೆ ಟಪ್ಪೆಂದು ಇಟ್ಟಿದ್ದರು. "ನಿನ್ನ ಗಂಟು ನೋಡಿದ್ರೆ ನನ್ನ ಕಣ್ಣು ನೋಯತ್ತೆ. ಇದನ್ನ ಹಾಕ್ಕೊಂಡು ಕಟ್ಟು. ನನ್ನ ಮೂಗಿಗೆ ಒತ್ತತ್ತೆ, ನಂಗೆ ಬೇಡ." ಬೆಂಚಿನವರೆಲ್ಲ ಕಿಸಕ್ಕನೆ ನಕ್ಕಿದ್ದರು. ಮುಳ್ಳಮ್ಮನೇ ಹಾಕಿಸಿದ ಕನ್ನಡಕ ಎಂದ ಮೇಲೆ ಮೇಸ್ತ್ರಿ ತುಟಿ ಬಿಚ್ಚಲಿಲ್ಲ. ಅವಮಾನದಿಂದ ಕುದಿಯುತ್ತಲೇ ಅವಳು ಅದನ್ನು ಹಾಕಿಕೊಂಡಿದ್ದಳು. ತಂತಿ ಕಂಡಿತ್ತು. ಅಂಕಿ ಕಂಡಿತ್ತು. ಅಂದಿನಿಂದ ಎಂಟು ಸಾವಿರಕ್ಕೆ ಒಂದು ಸುತ್ತೂ ಕಡಿಮೆ ಹಾಕಿದವಳಲ್ಲ. ಕನ್ನಡಕ ಕೊಟ್ಟವರನ್ನು ಮಾತ್ರ ಅವರು ನಿವೃತ್ತರಾಗುವವರೆಗೂ ಮಾತಾಡಿಸಿದವಳಲ್ಲ.

"ದೊಡ್ಡಮ್ಮ? ಅಳ್ತಾ ಇದೀಯಾ?"

"ಮೇಣದ ವಾಸನೆ ಕಣೇ," ಎಂದಳು. ಆಮೇಲೆ ಎಲ್ಲ ಹೇಳಿದಳು. ಹೇಳುವುದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಅಷ್ಟು ಚಿಕ್ಕ ವಿಷಯ ಇಷ್ಟು ವರ್ಷ ಅಷ್ಟೊಂದು ಜಾಗ ಹೇಗೆ ಹಿಡಿದಿತ್ತೆಂದು ಅವಳಿಗೇ ಆಶ್ಚರ್ಯವಾಯಿತು.

ಗಿಟಾರಿನವನು ಬಾಯಿ ತೆರೆದುಕೊಂಡು ಕೇಳಿದ. "ಅಂದ್ರೆ, ನನ್ನ ಗಿಟಾರು ಬುಟ್ಟಿಗೆ ಬೀಳಬೇಕಿದ್ದ ಮಾಲಾ?"

"ಹೌದಪ್ಪ. ತಪ್ಪಾಯ್ತು."

ಅವನು ಎದ್ದು ಮತ್ತೆ ಗೋಡೆಯವರೆಗೆ ನಡೆದು ವಾಪಸು ಬಂದ. "ಅಮ್ಮಾ, ಮೂವತ್ತು ವರ್ಷದಿಂದ ನನ್ನ ಹೊಟ್ಟೆ ತುಂಬಿಸಿರೋದು ಇದೇ. ಇದರ ದನಿ ಕೇಳಿ ನನ್ನ ಹೆಂಡ್ತಿ ನನ್ನ ಒಪ್ಪಿದ್ದು. ಮುಖ ನೋಡಿದ್ರೆ ಒಪ್ತಿದ್ಲಾ, ನೀವೇ ಹೇಳಿ. ತಪ್ಪಾಯ್ತು ಅಂತೀರಲ್ಲ! ಈಗ ನಾನು ಕೈ ಮುಗಿಯಬೇಕಾದ್ದು ನಿಮಗಾ, ಆ ಅಮ್ಮನಿಗಾ, ಅದನ್ನ ಮೊದಲು ಹೇಳಿ."

ದೊಡ್ಡಮ್ಮ ಬಟ್ಟೆಯ ಮೇಲಿನ ಕಾಯಿಲನ್ನು ಮೆಲ್ಲಗೆ ಅವನತ್ತ ಸರಿಸಿದಳು.

ತಂಗಿಯ ಮಗಳು ಆಗಲೇ ಮೂಲೆಯ ಯಂತ್ರದ ಮೇಲಿನ ಬಟ್ಟೆ ಎಳೆದಿದ್ದಳು. "ಬಾ, ಕೂತ್ಕೋ. ಆ ಹನ್ನೊಂದು ವಾರ ಹೇಗೆ ಸುತ್ತಿದ್ಯೋ ಹಾಗೇ ಒಂದು ಕಾಯಿಲ್ ಸುತ್ತು."

"ಈ ವಯಸ್ಸಲ್ಲಾ?"

"ಹೆಬ್ಬೆರಳಿಗೆ ಎಷ್ಟು ವಯಸ್ಸಾಗಿದೆಯೋ ನೋಡೋಣ."

ದೊಡ್ಡಮ್ಮ ಕನ್ನಡಕ ತೆಗೆದು ಪಕ್ಕಕ್ಕಿಟ್ಟಳು. ಮೋಟಾರು ಗುಂಯ್‌ಗುಟ್ಟಿತು. ಮೊದಲ ಎರಡು ಸಲ ತಂತಿ ತುಂಡಾಯಿತು. ಯಾರೂ ಬುಟ್ಟಿಯ ಸದ್ದು ಮಾಡಲಿಲ್ಲ. ಮೂರನೆಯ ಸಲ ಕಣ್ಣು ಮುಚ್ಚಿಕೊಂಡಳು. ತಂತಿ ಆ ಕಡೆ ಹೋಯಿತು, ಈ ಕಡೆ ಬಂತು, ಕಾಯಿಲ್ ಹೆಬ್ಬೆರಳ ಕೆಳಗೆ ಮೆಲ್ಲಗೆ ಉಬ್ಬಿತು. ಒಂದು ಹಂತದಲ್ಲಿ ಹೆಬ್ಬೆರಳು ಸಾಕು ಎಂದಿತು. ಅವಳು ನಿಲ್ಲಿಸಿ, ಹಸಿರು ನೂಲು ಬಿಗಿದಳು.

ತಂಗಿಯ ಮಗಳು ಅಂಕಿ ಓದಿದಳು: ಏಳು ಸಾವಿರದ ನೂರ ನಲವತ್ತು. ಮೀಟರಿಗೆ ಹಿಡಿದಳು. ಐದೂಮುಕ್ಕಾಲಿನ ಹತ್ತಿರ, ಕೂದಲೆಳೆಯಷ್ಟು ಆಚೆ.

ಮಧ್ಯಾಹ್ನದ ಹೊತ್ತಿಗೆ ಆ ಕಾಯಿಲ್ ಹೊಸ ಗಿಟಾರಿನೊಳಗೆ ಕೂತಿತು, ಹಳೆಯದು ತನ್ನ ಮನೆಗೆ ವಾಪಸಾಯಿತು. ಗಿಟಾರಿನವನು ಒಂದಾದ ಮೇಲೊಂದನ್ನು ನುಡಿಸಿದ. ಅದೇ ನಾಲ್ಕು ಸ್ವರ, ಮತ್ತೆ ಮತ್ತೆ. ಹೊಸದರ ಸ್ವರಗಳೂ ಈಗ ಒಂದನ್ನೊಂದು ತಳ್ಳದೆ ಬಿಡಿಬಿಡಿಯಾಗಿ ಬಂದವು. ನಡುವೆ ಕೋಣೆಯ ಮೌನ ಕೇಳಿಸಿತು.

"ಅದೇನಾ?" ತಂಗಿಯ ಮಗಳು ಉಸಿರು ಹಿಡಿದು ಕೇಳಿದಳು.

ಅವನು ಅವಸರಪಡಲಿಲ್ಲ. "ಅದೇ ಅಲ್ಲ. ಇದರ ಮರ ಇನ್ನೂ ಎಳೇದು, ಇದು ಯಾರ ಜೊತೆಯೂ ಬಾಳಿಲ್ಲ. ಆದ್ರೆ ಒಂದೇ ಮನೆಯವು. ಕಣ್ಣು ಮುಚ್ಕೊಂಡು ಹೇಳ್ತೀನಿ, ಒಂದೇ ಮನೆಯವು." ಆಮೇಲೆ ಹಳೆಯದನ್ನು ಪೆಟ್ಟಿಗೆಯಲ್ಲಿಟ್ಟು, ಮುಚ್ಚುವ ಮುನ್ನ ಅದರ ಮೇಲೆ ಒಮ್ಮೆ ಅಂಗೈ ಇಟ್ಟ.

ಹೊಸದರಿಂದ ಕಾಯಿಲನ್ನು ಮತ್ತೆ ಬಿಚ್ಚುತ್ತ ತಂಗಿಯ ಮಗಳು ಹೇಳಿದಳು: "ಮಾದರಿಯ ಕಾಯಿಲ್‌ಗೆ ಪರೀಕ್ಷೆ ಮಾಡಿದವರ ಸಹಿ ಬೇಕು. ನಾನೇ ಹಾಕಬಹುದು. ಆದ್ರೆ ಆವತ್ತು ಸಹಿ ಹಾಕಿದ ಮೇಡಂ ಇನ್ನೂ ಇದಾರಂತೆ ದೊಡ್ಡಮ್ಮ. ಎಂಬತ್ತೇಳು. ಮೊಮ್ಮಗನ ಮನೇಲಿ. ಹಳೇ ನೌಕರರ ಪಟ್ಟಿಯಲ್ಲಿ ವಿಳಾಸ ಸಿಕ್ತು."

ಭಾನುವಾರ ಬೆಳಿಗ್ಗೆ ಇಬ್ಬರೂ ಮೂರು ಮಹಡಿ ಹತ್ತಿದರು. ದೊಡ್ಡಮ್ಮನ ಕೈಚೀಲದಲ್ಲಿ ಕಬ್ಬಿಣದ ಸಣ್ಣ ಡಬ್ಬಿಯೊಂದಿತ್ತು. ಮೆಟ್ಟಿಲು ಹತ್ತುವಾಗಲೆಲ್ಲ ಅದರೊಳಗೆ ಏನೋ ಟಿಕ್ಕೆಂದು ತಾಗುತ್ತಿತ್ತು.

ಮುಳ್ಳಮ್ಮ ಕಿಟಕಿಯ ಪಕ್ಕ, ನೆಟ್ಟನೆಯ ಬೆನ್ನಿನ ಕುರ್ಚಿಯಲ್ಲಿ ಕೂತಿದ್ದರು. ಮೈ ಇಳಿದಿತ್ತು, ಬೆನ್ನು ಮಾತ್ರ ಅಂದಿನದೇ.

"ಯಾರು?"

"ನಾನು ಅಕ್ಕಾ. ಹಸಿರು ನೂಲಿನವಳು." ಕಾರ್ಖಾನೆಯಲ್ಲಿ ಯಾರೂ ಅವರನ್ನು ಮೇಡಂ ಎನ್ನದೆ ಕರೆದದ್ದಿಲ್ಲ. ಅಕ್ಕ ಎಂಬುದು ಅವಳ ಬಾಯಿಗೆ ತಾನಾಗಿ ಬಂತು.

"ಹ್ಞೂಂ. ಗಂಟು ವಾರೆ ಕಟ್ಟೋಳು. ಕೂತ್ಕೋ. ಜೊತೆಗೆ ಯಾರು?"

"ನನ್ನ ತಂಗಿ ಮಗಳು. ಆ ತಂಗಿ ನರ್ಸಾದ್ಲು ಅಕ್ಕಾ. ಓದು ನಿಲ್ಲಲಿಲ್ಲ."

"ಸರಿ. ಅದನ್ನ ನಂಗ್ಯಾಕೆ ಹೇಳ್ತೀಯ?"

ದೊಡ್ಡಮ್ಮ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಒಂದರ ಮೇಲೊಂದು ಬಿದ್ದವು. "ನೀವು ಬರೆದದ್ದು ನೋಡಿದೆ," ಎಂದಳು. "ತಳದಲ್ಲಿ. ನಲವತ್ತೆಂಟು ವರ್ಷ ಆದ್ಮೇಲೆ ನೋಡಿದೆ. ನಿಮಗೆ ಗೊತ್ತಿತ್ತು."

"ಮುಳ್ಳು ಕಡಿಮೆ ತೋರಿಸ್ತು, ಕಡಿಮೆ ಅಂತ ಬರೆದೆ. ಸುಳ್ಳು ಬರೆಯೋದು ನಂಗೆ ಆಗಲ್ಲ."

"ಇರಲಿ ಅಂತಲೂ ಬರೆದಿದ್ರಿ."

ಮುಳ್ಳಮ್ಮ ಕಿಟಕಿಯ ಹೊರಗೆ ನೋಡಿದರು. "ಒಂದನ್ನ ಗಿಟಾರಿಗೆ ಹಾಕಿ ಮೀಟಿ ನೋಡಿದೆ. ಕಿವಿಗೆ ಏನೂ ಕಡಿಮೆ ಅನ್ನಿಸಲಿಲ್ಲ. ಮುಳ್ಳಿಗೆ ಮಾತ್ರ ಕಡಿಮೆ. ಅದಕ್ಕೇ ಬಿಟ್ಟೆ. ನಿನಗೋಸ್ಕರ ಬಿಟ್ಟೆ ಅಂದ್ಕೊಂಡ್ಯಾ?"

"ಕನ್ನಡಕ?"

"ಮೂಗಿಗೆ ಒತ್ತತ್ತೆ ಅಂತ ಆವತ್ತೇ ಹೇಳಿದ್ನಲ್ಲ."

ದೊಡ್ಡಮ್ಮ ಡಬ್ಬಿ ತೆರೆದಳು. ಒಳಗೆ, ಬಟ್ಟೆಯ ಚೂರೊಂದರ ಮೇಲೆ ಆ ಕನ್ನಡಕ. ಒಂದು ಕಡ್ಡಿಗೆ ಹಸಿರು ನೂಲಿನ ಬಿಗಿತ. ಎಸೆಯಬೇಕೆಂದು ಎಷ್ಟೋ ಸಲ ಕೈಗೆತ್ತಿಕೊಂಡು, ಏಕೋ ಎಸೆಯದೆ ಇಟ್ಟುಕೊಂಡದ್ದು.

ಮುಳ್ಳಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮೂಗಿನ ಮೇಲೆ ಇಟ್ಟುಕೊಂಡರು. ಅದು ಅಲ್ಲೇ ಹುಟ್ಟಿದ್ದೋ ಎಂಬಂತೆ ಕೂತಿತು. ಎಲ್ಲೂ ಒತ್ತಲಿಲ್ಲ.

"ಒತ್ತತ್ತಾ ಅಜ್ಜಿ?" ತಂಗಿಯ ಮಗಳು ಕೇಳಿದಳು.

"ಆಗ ಒತ್ತುತ್ತಿತ್ತು," ಎಂದರು ಮುಳ್ಳಮ್ಮ, ಆ ವಿಷಯ ಅಲ್ಲಿಗೆ ಮುಗಿಯಿತು ಎನ್ನುವ ದನಿಯಲ್ಲಿ.

ದೊಡ್ಡಮ್ಮನಿಗೆ ನಗುವೂ ಬಂತು, ಇನ್ನೊಂದೂ ಬಂತು. ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು ಕೂತಳು.

ಆಮೇಲೆ ತಂಗಿಯ ಮಗಳು ತನ್ನ ಚೀಲದಿಂದ ಹೊಸ ಕಾಯಿಲನ್ನೂ ಅಂಗೈಯಗಲದ ಮೀಟರನ್ನೂ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮುಳ್ಳಮ್ಮನ ಕೈಗಳು ತಾವಾಗಿ ಎರಡು ತುದಿ ಹುಡುಕಿ ಹಿಡಿದವು. ಹಸಿರು ನೂಲಿನ ಗಂಟನ್ನು ಬೆರಳಲ್ಲಿ ಸವರಿ, "ಇನ್ನೂ ವಾರೆ," ಎಂದರು. ಆಮೇಲೆ ಮೀಟರಿನತ್ತ ಬಗ್ಗಿದರು.

"ಕಡಿಮೆ ಇದೆ."

ದೊಡ್ಡಮ್ಮ ಇಪ್ಪತ್ತೆರಡರ ಹುಡುಗಿಯ ಹಾಗೆ ಉಸಿರು ಬಿಗಿಹಿಡಿದಳು.

ಮುಳ್ಳಮ್ಮ ಕನ್ನಡಕದ ಮೇಲಿಂದ ಅವಳನ್ನು ಒಮ್ಮೆ ನೋಡಿ, ಕೈ ಚಾಚಿದರು. "ಪೆನ್ಸಿಲ್ ಕೊಡು."